ಗಂಡನ ಸಹಿ ಇಲ್ಲದೆ ವಂಕಿ (ಕಾಪರ್-ಟಿ) ಹಾಕುವುದಿಲ್ಲ ಅಂದರು, ಏನು ಮಾಡಲಿ?

ಗೋವಿನಜೋಳ
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಬರೆಯೋಣ ಅಂದುಕೊಂಡು ಸುಮ್ಮನಾಗುತ್ತಿದ್ದೆ. ಇವತ್ತು ಮಗಳು ಬೇಗ ಮಲಗಿದ್ದಾಳೆ, ಬರೆದೇಬಿಡುತ್ತೇನೆ.

ನನಗೆ 24. ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಮಗಳಿಗೆ ಈಗ ಏಳು ತಿಂಗಳು. ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತು, ಎರಡು ಬಾಟಲ್ ರಕ್ತ ಹಾಕಿದ್ದರು. ಇನ್ನೊಂದು ಮಗು ಬೇಡವೇ ಬೇಡ ಅಂತ ಅಲ್ಲ. ಮೂರು ವರ್ಷ ಬಿಟ್ಟು ಆಗಲಿ ಅಂತ ಅಷ್ಟೇ.

ಮಗುವಿಗೆ ಆರು ತಿಂಗಳು ತುಂಬಿದ ಮೇಲೆ ಆಶಾ ಅಕ್ಕ ಬಸಿರು ತಡೆಯುವ ಮಾಲಾ-ಎನ್ ಮಾತ್ರೆ ಕೊಟ್ಟರು. ಅದನ್ನು ಒಣಮೆಣಸಿನಕಾಯಿ ಡಬ್ಬಿಯಲ್ಲಿ ಇಟ್ಟಿದ್ದೆ. ರಾತ್ರಿ ಪಾತ್ರೆ ತೊಳೆದು, ದೀಪ ಆರಿಸಿ, ಕತ್ತಲಲ್ಲೇ ಕೈ ಹಾಕಿ ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಆ ಘಾಟಿಗೆ ಸೀನು ಬರುತ್ತಿತ್ತು, ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಹೋದ ವಾರ ಖಾರ ಕುಟ್ಟಿಸೋದಕ್ಕೆ ಅಂತ ಅತ್ತೆ ಡಬ್ಬಿ ಸುರಿದರು. ಮಾತ್ರೆ ಹಾಳೆ ಮೆಣಸಿನಕಾಯಿ ಜೊತೆ ಕೆಳಗೆ ಬಿತ್ತು. ಹದಿಮೂರು ಮಾತ್ರೆ ಖಾಲಿ ಆಗಿದ್ದವು.

ಅತ್ತೆ ಬೈಯಲಿಲ್ಲ. ಹಾಳೆಯನ್ನು ಸಂಜೆ ತನಕ ಕಟ್ಟೆ ಮೇಲೆ ಇಟ್ಟರು. ನಮ್ಮ ಮನೆಯವರು ಬಾಡಿಗೆ ಗಾಡಿ ಓಡಿಸುತ್ತಾರೆ. ಅವರು ಬಂದು ಅದನ್ನು ನೋಡಿದರು. ಒಂದು ಮಾತೂ ಆಡದೆ ಕೈಕಾಲು ತೊಳೆಯೋದಕ್ಕೆ ಹೋದರು. ಮಾರನೇ ದಿನ ಅತ್ತೆ, "ಮೊದಲನೇದು ಹೆಣ್ಣು. ಗಂಡು ಆಗೋ ತನಕ ಇದೆಲ್ಲ ಯಾಕೆ? ಗರ್ಭಕೋಶ ಒಣಗಿ ಹೋಗ್ತದೆ" ಅಂದರು. ಮಾತ್ರೆ ಒಲೆಗೆ ಹೋಯಿತು.

ಮನೆಯಲ್ಲಿ ಯಾರ ಕಣ್ಣಿಗೂ ಬೀಳದೆ ಇರುವುದು ವಂಕಿ ಒಂದೇ ಅಂದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ನರ್ಸ್, "ಗಂಡನ್ನ ಕರ್ಕೊಂಡು ಬಾ, ಸಹಿ ಬೇಕು" ಅಂತ ಸಾಲಲ್ಲಿದ್ದವರಿಗೆಲ್ಲ ಕೇಳೋ ಹಾಗೆ ಹೇಳಿದರು. ನಮ್ಮ ಪಕ್ಕದ ಓಣಿಯವರೂ ಇದ್ದರು. ಹಾಗೇ ವಾಪಸ್ ಬಂದೆ.

ಸಹಿ ನಿಜವಾಗಿಯೂ ಬೇಕಾ? ವಂಕಿ ಎದೆಗೆ ಏರುತ್ತದೆ ಅನ್ನುತ್ತಾರಲ್ಲ, ಅದು ಹೌದಾ? ಗೊತ್ತಿದ್ದವರು ಹೇಳಿ.

ಹೇಮಾವತಿ ದಂಡೆ
ಓದಿ ಕರುಳು ಚುರ್ ಅಂತು ತಂಗಿ. ನೀನು ಆ ಹಾಳೆ ಕಟ್ಟೆ ಮೇಲೆ ಇದ್ದಷ್ಟು ಹೊತ್ತು ಹೇಗೆ ಇದ್ದೆಯೋ. ನನ್ನದೂ ಇದೇ ಕಥೆ, ಊರು ಮಾತ್ರ ಬೇರೆ. ನಾನು ಹಾಲಿನ ಡೇರಿ ಪುಸ್ತಕದ ಮಧ್ಯೆ ಇಡುತ್ತಿದ್ದೆ. ಸಹಿ ವಿಷಯ ನನಗೆ ಗೊತ್ತಿಲ್ಲ. ಇಲ್ಲಿ ಒಬ್ಬರು ಹಳೇ ನರ್ಸಮ್ಮ ಇದ್ದಾರೆ, ಅವರು ನೋಡಿದರೆ ಖಂಡಿತ ಹೇಳುತ್ತಾರೆ.

ಹಳೇ ನರ್ಸಮ್ಮ
ಸಬ್‌ಸೆಂಟರ್ ಕೆಲಸದಲ್ಲಿ 31 ವರ್ಷ ಕಳೆದಿದ್ದೇನೆ. ಈಗ ನಿವೃತ್ತಿ. ಮೊದಲನೇ ಮಾತು: ಸಹಿ ಬೇಕಾಗಿಲ್ಲ ಮಗಳೇ. ವಂಕಿಗೂ ಬೇಡ, ಚುಚ್ಚುಮದ್ದಿಗೂ ಬೇಡ. ಸಂತಾನಹರಣ ಆಪರೇಷನ್‌ಗೆ ಕೂಡ ಗಂಡನ ಒಪ್ಪಿಗೆ ಬೇಕಿಲ್ಲ ಅಂತ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ಮಾಡಿಸಿಕೊಳ್ಳುವವಳ ಸಹಿ ಇದ್ದರೆ ಸಾಕು.

ಹಾಗಾದರೆ ಯಾಕೆ ಕೇಳುತ್ತಾರೆ? ಹೆದರಿಕೆ. ನಾಳೆ ಗಂಡ ಬಂದು ಆಸ್ಪತ್ರೆ ಬಾಗಿಲಲ್ಲಿ ಗಲಾಟೆ ಮಾಡಿದರೆ ಮೇಲಿನವರು ನರ್ಸನ್ನು ಬಿಟ್ಟುಕೊಟ್ಟುಬಿಡುತ್ತಾರೆ. ನಾನೂ ಶುರುವಿನ ವರ್ಷಗಳಲ್ಲಿ ಹಾಗೆ ಕೇಳಿದ್ದೇನೆ. ಎಷ್ಟು ಹೆಂಗಸರನ್ನು ಬರಿಗೈಯಲ್ಲಿ ಕಳಿಸಿದೆನೋ ಲೆಕ್ಕ ಇಲ್ಲ. ಅವರಲ್ಲಿ ಒಬ್ಬಳು ಹನ್ನೊಂದು ತಿಂಗಳ ಕೂಸನ್ನು ಸೊಂಟದಲ್ಲಿ ಇಟ್ಟುಕೊಂಡು, ಮತ್ತೆ ಬಸುರಿಯಾಗಿ ತಾಯಿ ಕಾರ್ಡ್ ಮಾಡಿಸೋದಕ್ಕೆ ನನ್ನ ಹತ್ತಿರವೇ ಬಂದಳು. ಆ ದಿನದಿಂದ ಕೇಳುವುದು ಬಿಟ್ಟೆ.

ಇನ್ನು ವಂಕಿ ಎದೆಗೆ ಏರುವುದು. ಗರ್ಭಕೋಶ ಅನ್ನುವುದು ಬಾಯಿ ಬಿಗಿದ ಚೀಲ ಇದ್ದ ಹಾಗೆ. ಅಲ್ಲಿಂದ ಎದೆಗೆ ದಾರಿಯೇ ಇಲ್ಲ. ಕೆಲವೊಮ್ಮೆ ತಾನಾಗೇ ಜಾರಿ ಹೊರಗೆ ಬರಬಹುದು, ಅದಕ್ಕೇ ವಂಕಿಯ ತುದಿಯ ದಾರ ಇದೆಯಾ ಅಂತ ನೋಡಿಕೊಳ್ಳಲು ಹೇಳುತ್ತೇವೆ. ಹಾಕುವಾಗ ಗೋಡೆಗೆ ಚುಚ್ಚುವುದು ಬಹಳ ಅಪರೂಪ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಥರ ಇದೆ, ಒಂದು 10 ವರ್ಷದ್ದು, ಇನ್ನೊಂದು 5 ವರ್ಷದ್ದು. ಅಷ್ಟು ವರ್ಷ ಇಟ್ಟುಕೊಳ್ಳಲೇಬೇಕು ಅಂತಿಲ್ಲ. ನಿನಗೆ ಮೂರು ವರ್ಷಕ್ಕೆ ಮಗು ಬೇಕು ಅನಿಸಿದರೆ ತೆಗೆಸಿದರಾಯಿತು, ಮುಂದಿನ ತಿಂಗಳೇ ಬಸಿರು ನಿಲ್ಲಬಹುದು.

ಆದರೆ ಒಂದು ಮಾತು ಮುಚ್ಚಿಡುವುದಿಲ್ಲ. ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದೆ, ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತದೆ. ಹೆರಿಗೆಯಲ್ಲಿ ರಕ್ತ ಹಾಕಿಸಿಕೊಂಡವಳು ನೀನು. ಮೊದಲು ಹಿಮೋಗ್ಲೋಬಿನ್ ನೋಡಿಸು.

ತುಂಗೆಯ ತಿರುವು
ನರ್ಸಮ್ಮ ಹೇಳಿದ "ತೆಗೆಸಿದರಾಯಿತು" ಅನ್ನುವ ಮಾತಿಗೆ ನಾನು ಸ್ವಲ್ಪ ಹೇಳಬೇಕು. ತಪ್ಪು ತಿಳಿಯಬೇಡಿ ಅಮ್ಮ.

ನನಗೆ ಎರಡನೇ ಹೆರಿಗೆ ಆದ ಕೂಡಲೇ ವಂಕಿ ಹಾಕಿದ್ದರು. ಹಾಕಿದ್ದು ನನಗೆ ಗೊತ್ತಾಗಿದ್ದು ಮನೆಗೆ ಹೋಗುವ ದಿನ, ಕಾರ್ಡಿನ ಮೇಲಿನ ಮುದ್ರೆ ನೋಡಿ. ನೋವಿನಲ್ಲಿ ಇದ್ದಾಗ ಏನೋ ಕೇಳಿದ್ದರಂತೆ, ನಾನು ತಲೆ ಆಡಿಸಿದ್ದೆನಂತೆ. ಆ ಹೊತ್ತಿನಲ್ಲಿ ಯಾರು ಏನು ಕೇಳಿದರೂ ತಲೆ ಆಡಿಸುತ್ತೇವೆ, ಅಲ್ವಾ? ಆಮೇಲೆ ನಾಲ್ಕು ತಿಂಗಳು ರಕ್ತ. ಒಂದು ದಿನಕ್ಕೆ ಎಂಟು ಪ್ಯಾಡ್. ಮಗುವನ್ನು ಎತ್ತಿಕೊಂಡರೆ ಕಣ್ಣು ಕತ್ತಲೆ ಬರುತ್ತಿತ್ತು. ತೆಗೆಯಿರಿ ಅಂತ ಹೋದರೆ, "ಎಲ್ಲರಿಗೂ ಹೀಗೇ ಆಗೋದು, ತಡ್ಕೊಳಮ್ಮ" ಅಂದರು. ಎರಡನೇ ಸಲ ಡಾಕ್ಟರ್ ರಜೆ. ಮೂರನೇ ಸಲ ಅಲ್ಲೇ ಬೆಂಚಿನ ಮೇಲೆ ಕೂತೆ, ತೆಗೆಯುವ ತನಕ ಏಳುವುದಿಲ್ಲ ಅಂದೆ. ತೆಗೆಯೋದಕ್ಕೆ ಎರಡು ನಿಮಿಷ ಹಿಡಿಯಲಿಲ್ಲ. ಅದಕ್ಕೆ ನಾನು ಮೂರು ಸಲ ಬಸ್ಸು ಹತ್ತಿದೆ.

ಈಗ ನಮ್ಮ ಓಣಿಯಲ್ಲಿ ಯಾರೂ ವಂಕಿ ಹಾಕಿಸುವುದಿಲ್ಲ. ನನ್ನ ಮುಖ ನೋಡಿದ್ದಾರೆ, ಅದೇ ಸಾಕಲ್ಲ.

ಹಳೇ ನರ್ಸಮ್ಮ
ತಪ್ಪೇನು ತಿಳಿಯಲಿ ತಾಯಿ. ನೀನು ಹೇಳಿದ್ದು ನಿಜ. ಹೆರಿಗೆ ಆದ 48 ಗಂಟೆಯೊಳಗೆ ಹಾಕಬಹುದು, ಅದರಲ್ಲಿ ದೋಷ ಇಲ್ಲ. ಆದರೆ ಬಸುರಿಯಾಗಿದ್ದಾಗ ತಪಾಸಣೆಗೆ ಬರುತ್ತಾರಲ್ಲ, ಆಗಲೇ ಕೂರಿಸಿ ಹೇಳಿ, ಒಪ್ಪಿಗೆ ಕೇಳಬೇಕು. ನೋವಿನ ಮಂಚದ ಮೇಲೆ ಕೇಳಿದ್ದು ಒಪ್ಪಿಗೆ ಅಲ್ಲ. ತೆಗೆಯಿರಿ ಅಂದರೆ ತೆಗೆಯಲೇಬೇಕು, ಕಾರಣ ಹೇಳಬೇಕಾಗಿಯೂ ಇಲ್ಲ. ಹಾಕಿದ್ದಕ್ಕೆ ತಿಂಗಳ ಲೆಕ್ಕ ಕೇಳುತ್ತಾರೆ. ಹಾಕಿಸಿಕೊಂಡವಳು ಹೇಗಿದ್ದಾಳೆ ಅಂತ ನನ್ನ ಮೇಲಿನವರು ಯಾರೂ ಕೇಳಲಿಲ್ಲ. ಅಲ್ಲೇ ಎಲ್ಲ ಕೆಡುತ್ತಿರುವುದು.

ಎರಡನೇ ಶಿಫ್ಟ್
ನಾನು ಬೆಂಗಳೂರಲ್ಲಿ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ನಮಗೆ ಅತ್ತೆ ಕಾಟ ಇಲ್ಲ, ಅವರು ಊರಲ್ಲಿದ್ದಾರೆ. ಗಂಡನೂ ಒಪ್ಪಿದ್ದಾನೆ. ನಮ್ಮ ತೊಂದರೆ ಗಡಿಯಾರ.

ಬಸಿರು ತಡೆಯುವ ಅಂತರಾ ಸೂಜಿ ತೆಗೆದುಕೊಳ್ಳುತ್ತಿದ್ದೆ. ಮೂರು ತಿಂಗಳಿಗೊಮ್ಮೆ, ಉಚಿತ, ಮನೆಯಲ್ಲಿ ಇಡುವಂಥದ್ದು ಏನೂ ಇಲ್ಲ. ಆದರೆ ಆರೋಗ್ಯ ಕೇಂದ್ರ ತೆರೆಯೋ ಹೊತ್ತಿಗೆ ನಾವು ಲೈನಿನಲ್ಲಿ ಕೂತಿರುತ್ತೇವೆ, ನಾವು ಬಿಡೋ ಹೊತ್ತಿಗೆ ಅದು ಮುಚ್ಚಿರುತ್ತದೆ. ಭಾನುವಾರ ಇಬ್ಬರಿಗೂ ರಜೆ. ಅರ್ಧ ದಿನ ಕೇಳಿದರೆ ಪೂರ್ತಿ ದಿನದ ಸಂಬಳ ಮತ್ತು ಹಾಜರಾತಿ ಬೋನಸ್ ಎರಡೂ ಹೋಗುತ್ತದೆ. ಆರ್ಡರ್ ಜಾಸ್ತಿ ಇದ್ದ ತಿಂಗಳು ನನ್ನ ತಾರೀಖು ತಪ್ಪಿತು. ಐದು ವಾರ ತಡವಾಗಿ ಹೋದೆ. "ತಾರೀಖು ದಾಟಿದೆ, ಮುಟ್ಟಾದ ಮೇಲೆ ಬಾ" ಅಂದರು. ಆ ಸೂಜಿ ಹಾಕಿಸಿಕೊಂಡರೆ ಮುಟ್ಟೇ ನಿಂತುಹೋಗುತ್ತದಲ್ಲ! ನಾನು ಕಾಯುತ್ತಾ ಕೂತೆ. ಮುಟ್ಟು ಬರಲೇ ಇಲ್ಲ, ಮೂರು ತಿಂಗಳು ಕಳೆದ ಮೇಲೆ ನೋಡಿದರೆ ಬಸುರಿ.

ಈಗ ಆ ಮಗುವಿಗೆ ಎರಡು ವರ್ಷ. ಮುದ್ದಾಗಿದ್ದಾನೆ, ಅವನ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಅವನನ್ನು ನೋಡಿಕೊಳ್ಳೋದಕ್ಕೆ ಜನ ಇಲ್ಲದೆ ದೊಡ್ಡವಳನ್ನು ಊರಿಗೆ ಬಿಟ್ಟು ಬಂದಿದ್ದೇನೆ. ಅವಳು ಫೋನಿನಲ್ಲಿ ಈಗ ಜಾಸ್ತಿ ಮಾತಾಡುವುದಿಲ್ಲ.

ಹಳೇ ನರ್ಸಮ್ಮ
ಅಯ್ಯೋ, "ಮುಟ್ಟಾದ ಮೇಲೆ ಬಾ" ಅಂದಿದ್ದು ದೊಡ್ಡ ತಪ್ಪು. ತಾರೀಖಿಗೆ ಎರಡು ವಾರ ಮೊದಲೂ ಹಾಕಬಹುದು, ನಾಲ್ಕು ವಾರ ತಡವಾದರೂ ಹಾಕಬಹುದು. ಅದಕ್ಕಿಂತ ತಡವಾದರೆ ಮೂತ್ರ ಪರೀಕ್ಷೆ ಮಾಡಿ, ಬಸುರಿ ಅಲ್ಲ ಅಂತ ಖಾತ್ರಿಯಾದರೆ ಅವತ್ತೇ ಹಾಕಿ, ಒಂದು ವಾರ ನಿರೋಧ್ ಬಳಸಲು ಹೇಳಬೇಕು. ಪರೀಕ್ಷೆ ಕಿಟ್ ಎಲ್ಲ ಆಶಾಗಳ ಬ್ಯಾಗಿನಲ್ಲೂ ಇರಬೇಕಾದ ಸಾಮಾನು. ಎರಡು ವಾರ ಮೊದಲೇ ಹಾಕಿಸಬಹುದು ಅನ್ನುವುದನ್ನು ಕೆಲಸಕ್ಕೆ ಹೋಗುವ ಹೆಂಗಸರು ನೆನಪಿಟ್ಟುಕೊಳ್ಳಿ. ನಿಮ್ಮ ರಜೆ ಯಾವಾಗ ಬರುತ್ತದೋ ಆಗ ಹೋಗಿ.

ಪೀಜಿ ರೂಮ್ 12
ಮದುವೆ ಆಗದವರು ಇಲ್ಲಿ ಬರೆಯಬಹುದಾ? ನನಗೆ 25, ಬೆಂಗಳೂರಲ್ಲಿ ಕೆಲಸ. ಒಂದು ಕ್ಲಿನಿಕ್‌ಗೆ ಮಾತ್ರೆ ಬಗ್ಗೆ ಕೇಳಲು ಹೋಗಿದ್ದೆ. ಡಾಕ್ಟರ್ ಮೊದಲು ಕೇಳಿದ್ದು "ಮದುವೆ ಆಗಿದೆಯಾ?" ಇಲ್ಲ ಅಂದೆ. ಪೆನ್ನಿನ ಕ್ಯಾಪ್ ಮುಚ್ಚಿಟ್ಟರು. "ಅಪ್ಪ ಅಮ್ಮನಿಗೆ ಗೊತ್ತಾ?" ಅಂದರು. ಆಮೇಲೆ ಅಲ್ಲಿಗೆ ಹೋಗಿಲ್ಲ. ಮೆಡಿಕಲ್ ಶಾಪ್‌ನಲ್ಲಿ ಎಮರ್ಜೆನ್ಸಿ ಮಾತ್ರೆ ಸಿಗುತ್ತದೆ, ಅದನ್ನೇ ತೆಗೆದುಕೊಳ್ಳುತ್ತೇನೆ. ತಿಂಗಳಿಗೆ ಎರಡು ಸಲ ಆದದ್ದೂ ಇದೆ.

ಹಳೇ ನರ್ಸಮ್ಮ
ಧಾರಾಳವಾಗಿ ಬರಿ ಮಗಳೇ. ಆ ಮಾತ್ರೆ ಆಪತ್ತಿಗೆ ಇರುವುದು. 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಅದನ್ನೇ ನಂಬಿಕೊಂಡರೆ ಮುಟ್ಟು ಏರುಪೇರಾಗುತ್ತದೆ, ದಿನದ ಮಾತ್ರೆಯಷ್ಟು ಕಾಪಾಡುವುದೂ ಇಲ್ಲ. ನೀನು ಛಾಯಾ ಮಾತ್ರೆ ಬಗ್ಗೆ ಕೇಳು. ಅದರಲ್ಲಿ ಹಾರ್ಮೋನ್ ಇಲ್ಲ, ಲಕ್ನೋದ ಸರ್ಕಾರಿ ಸಂಶೋಧನಾಲಯದಲ್ಲಿ ಕಂಡುಹಿಡಿದದ್ದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಮುಟ್ಟು ಸ್ವಲ್ಪ ತಡವಾಗಬಹುದು, ಗಾಬರಿ ಬೀಳಬೇಡ. ಪಿಸಿಒಡಿ ಅನ್ನುವ ಅಂಡಾಶಯದ ತೊಂದರೆ ಇದ್ದರೆ ಮಾತ್ರ ಡಾಕ್ಟರಿಗೆ ಮೊದಲೇ ಹೇಳು. ಜೊತೆಗೆ ನಿರೋಧ್ ಇರಲಿ. ರೋಗ ತಡೆಯುವುದು ಅದೊಂದೇ.

ಕೋರ್ಟು ಕಟ್ಟೆ
ಪೀಜಿ ರೂಮ್ ಅವರಿಗೆ ಒಂದು ಮಾತು. 1971ರ ಗರ್ಭಪಾತ ಕಾಯ್ದೆಯಲ್ಲಿ ಮೊದಲು "ಮದುವೆಯಾದ ಹೆಂಗಸು ಅಥವಾ ಅವಳ ಗಂಡ" ಬಳಸಿದ ಸಾಧನ ಕೈಕೊಟ್ಟರೆ ಅಂತ ಇತ್ತು. 2021ರ ತಿದ್ದುಪಡಿಯಲ್ಲಿ ಅದನ್ನು "ಯಾವುದೇ ಹೆಂಗಸು ಅಥವಾ ಅವಳ ಸಂಗಾತಿ" ಅಂತ ಮಾಡಿದರು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಮದುವೆಯಾದವರು, ಆಗದವರು ಅಂತ ಭೇದ ಮಾಡುವ ಹಾಗಿಲ್ಲ ಅಂದಿತು. ಕಾನೂನು ನಿಮ್ಮ ಕಡೆ ಬಂದಾಗಿದೆ. ಡಾಕ್ಟರ ಪೆನ್ನಿನ ಕ್ಯಾಪ್ ಇನ್ನೂ ತೆರೆದಿಲ್ಲ.

ಕೃಷ್ಣಾ ತೀರ
ಇಲ್ಲಿ ಮಾತ್ರೆ, ಸೂಜಿ, ವಂಕಿ ಅಂತ ಇಷ್ಟೊಂದು ಹೆಸರು ಓದಿದೆ. ನನಗೆ 41 ವಯಸ್ಸು. ಇವುಗಳಲ್ಲಿ ಒಂದನ್ನೂ ನನಗೆ ಯಾರೂ ಹೇಳಿರಲಿಲ್ಲ. ರಾಯಚೂರು ಕಡೆಯವಳು. ಹದಿನೇಳಕ್ಕೆ ಮದುವೆ, ಇಪ್ಪತ್ಮೂರಕ್ಕೆ ಮೂರು ಮಕ್ಕಳು ಮತ್ತು ಆಪರೇಷನ್. ನಮ್ಮ ಕಡೆ "ಮಕ್ಕಳು ಸಾಕಾ?" ಅಂದರೆ ಆಪರೇಷನ್ ಅಂತಲೇ ಅರ್ಥ. ಮಧ್ಯದಲ್ಲಿ ಬಿಡುವು ಅನ್ನುವ ಮಾತೇ ಇರಲಿಲ್ಲ. ಬೇಗ ಬೇಗ ಹೆತ್ತು, ಬೇಗ ಆಪರೇಷನ್ ಮಾಡಿಸಿಕೊಂಡು, ಹೊಲಕ್ಕೆ ಹೋಗುವುದು.

ಶಿಬಿರದಲ್ಲಿ ಮಾಡಿದ್ದರು. ಒಂದು ದೊಡ್ಡ ಕೋಣೆ, ನೆಲಕ್ಕೆ ಜಮಖಾನ. ಆಪರೇಷನ್ ಆದವರನ್ನು ತಂದು ಸಾಲಾಗಿ ಮಲಗಿಸುತ್ತಿದ್ದರು. ನನ್ನ ಪಕ್ಕದವಳಿಗೆ ವಾಂತಿ. ಅವಳ ಅವ್ವ ಸೀರೆ ಸೆರಗಿನಿಂದಲೇ ಒರೆಸುತ್ತಿದ್ದಳು. ಸಂಜೆ ಐದಕ್ಕೆ ಟೆಂಪೋ ಹತ್ತಿಸಿದರು. ಪ್ರತಿ ಹಳ್ಳಕ್ಕೂ ಹೊಟ್ಟೆ ಹಿಡಿದುಕೊಂಡು ಮೂವತ್ತು ಕಿಲೋಮೀಟರ್.

2014ರಲ್ಲಿ ಛತ್ತೀಸಗಢದ ಬಿಲಾಸಪುರದ ಸುದ್ದಿ ಟಿವಿಯಲ್ಲಿ ಬಂದಾಗ ಊಟ ಬಿಟ್ಟು ಎದ್ದಿದ್ದೆ. ಒಬ್ಬನೇ ಡಾಕ್ಟರ್, ಕೆಲವೇ ಗಂಟೆಯಲ್ಲಿ 83 ಹೆಂಗಸರಿಗೆ ಆಪರೇಷನ್, ಹತ್ತಕ್ಕೂ ಹೆಚ್ಚು ಜನ ಸತ್ತರು. ನಾನು ಆ ಜಮಖಾನದ ಮೇಲೆ ಮಲಗಿದ್ದವಳು, ನನಗೆ ಗೊತ್ತು.

ಕೋರ್ಟು ಕಟ್ಟೆ
ಅಕ್ಕ, 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಶಿಬಿರಗಳನ್ನು ನಿಲ್ಲಿಸಬೇಕು ಅಂತ ಹೇಳಿತು. ದೇವಿಕಾ ಬಿಸ್ವಾಸ್ ಅನ್ನುವವರು ಬಿಹಾರದ ಒಂದು ಶಿಬಿರದ ವಿಷಯದಲ್ಲಿ ಹಾಕಿದ ಅರ್ಜಿ ಅದು.

ಮಲೆನಾಡ ಮೂಲೆ
ಗಂಡಸು ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನಾನು ಗಂಡಸರ ಆಪರೇಷನ್ ಮಾಡಿಸಿಕೊಂಡವನು. ವ್ಯಾಸೆಕ್ಟಮಿ. ಶಿವಮೊಗ್ಗ ಜಿಲ್ಲೆ, ನಾಲ್ಕು ಎಕರೆ ಅಡಿಕೆ ತೋಟ.

ನನ್ನ ಹೆಂಡತಿಗೆ ಎರಡೂ ಸಿಸೇರಿಯನ್. ಮೂರನೇ ಸಲ ಅವಳ ಹೊಟ್ಟೆ ಕೊಯ್ಯುವುದು ನನಗೆ ಇಷ್ಟ ಇರಲಿಲ್ಲ. ಆಸ್ಪತ್ರೆಗೆ ಹೋಗಿ ಕೇಳಿದೆ. ಅಲ್ಲಿದ್ದವರಿಗೇ ಆಶ್ಚರ್ಯ. ಚಾಕು ಹಾಕುವುದಿಲ್ಲ, ಒಂದು ಸಣ್ಣ ತೂತು, ಹೊಲಿಗೆಯೂ ಇಲ್ಲ. ಕಾಲು ಗಂಟೆ ಹಿಡಿಯಿತು. ನಾನೇ ನಡೆದುಕೊಂಡು ಬಸ್ ಹತ್ತಿದೆ. ಮೂರು ತಿಂಗಳು ನಿರೋಧ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಅದನ್ನು ಮರೆಯಬಾರದು, ಮರೆತು ಆಪರೇಷನ್ ಫೇಲ್ ಆಯಿತು ಅನ್ನುವವರೇ ಜಾಸ್ತಿ. ನಮ್ಮಮ್ಮ ಎರಡು ದಿನ ಅತ್ತರು. ದುಡಿಯೋ ಗಂಡಿನ ಶಕ್ತಿ ಹೋಯಿತು ಅಂತ. ಆ ವರ್ಷದ ಕೊಯ್ಲಿನಲ್ಲಿ ಅಡಿಕೆ ಗೊನೆ ಹೊತ್ತಿದ್ದು ನೋಡಿದ ಮೇಲೆ ಸುಮ್ಮನಾದರು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದ್ದೇನೆ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ 100ಕ್ಕೆ 57 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಂದಿರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಇಡೀ ದೇಶದಲ್ಲೇ ಅದು ಶೇಕಡಾ 0.3. ನಮ್ಮ ಅಪ್ಪನ ಕಾಲದವರಿಗೆ ತುರ್ತು ಪರಿಸ್ಥಿತಿಯ ಹೆದರಿಕೆ ಇತ್ತು. 1976-77ರ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಮಾಡಿದ್ದರು, ಎಷ್ಟೋ ಕಡೆ ಹಿಡಿದುಕೊಂಡು ಹೋಗಿ. ಆಮೇಲೆ ಯಾವ ಸರ್ಕಾರವೂ ಗಂಡಸರ ತಂಟೆಗೆ ಬರಲಿಲ್ಲ. ಭಾರ ಎಲ್ಲ ಹೆಂಗಸರ ಮೇಲೆ ಬಿತ್ತು.

ಇನ್ನೊಂದು ವಿಷಯ. ಎರಡು ಹೆರಿಗೆಗೆ ನಾನು ಎಷ್ಟು ಸಲ ಆಸ್ಪತ್ರೆಗೆ ಹೋದೆನೋ, ಅಷ್ಟು ಸಲವೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಬನ್ನಿ, ನಿಮಗೂ ಹೇಳಬೇಕು ಅಂತ ಯಾರೂ ಕರೆಯಲಿಲ್ಲ. ಗೋವಿನಜೋಳ ಅವರೇ, ನಿಮ್ಮ ಮನೆಯವರು ಸುಮ್ಮನಿದ್ದದ್ದು ಕೋಪದಿಂದಲೇ ಇರಬೇಕು ಅಂತಿಲ್ಲ. ಏನು ಹೇಳಬೇಕು ಅಂತ ಅವರಿಗೆ ತಿಳಿಯದೇ ಇರಬಹುದು. ಒಂದು ಸಲ ಮಾತಾಡಿ ನೋಡಿ.

ಹೇಮಾವತಿ ದಂಡೆ
ಅಣ್ಣ, ನಿಮ್ಮಂಥವರು ಇದ್ದರೆ ಮಾತಾಡಬಹುದು. ಎಲ್ಲರ ಮನೆಯಲ್ಲಿ ಆಗುವುದಿಲ್ಲ. ಡೇರಿ ಪುಸ್ತಕದಲ್ಲಿ ಮಾತ್ರೆ ಸಿಕ್ಕ ದಿನ ನನ್ನ ಗಂಡ ಕೇಳಿದ್ದು "ಯಾರ ಜೊತೆ ಇರೋದಕ್ಕೆ ಇದು?" ಅಂತ. ಆಮೇಲೆ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ಎಡಗಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ತಂಗಿ, ನಿನ್ನ ಮನೆ ನಿನಗೆ ಗೊತ್ತು. ಹೆದರಿಕೆ ಇದ್ದರೆ ಹೇಳಬೇಡ. ಬಚ್ಚಿಡುವುದು ತಪ್ಪಲ್ಲ.

ಮಲೆನಾಡ ಮೂಲೆ
ಕ್ಷಮಿಸಿ ಅಕ್ಕ. ನಾನು ನನ್ನ ಮನೆ ನೋಡಿಕೊಂಡು ಮಾತಾಡಿದೆ.

ಹಳೇ ಪತ್ರಿಕೆ
ಬೇಸರದ ನಡುವೆ ಒಂದು ಹಳೇ ವಿಷಯ ಹೇಳಬೇಕು ಅನಿಸಿತು. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕೇಂದ್ರ ತೆರೆಯಲು ಆದೇಶ ಕೊಟ್ಟಿತ್ತು. ಸರ್ಕಾರವೇ ಮುಂದೆ ನಿಂತು ತೆರೆದ ಮೊದಲ ಕೇಂದ್ರಗಳು ಅವು ಅನ್ನುತ್ತಾರೆ. ದೇಶದ ಕಾರ್ಯಕ್ರಮ ಶುರುವಾಗಿದ್ದು 1952ರಲ್ಲಿ. ಅದಕ್ಕೂ ಮೊದಲು, 1949ರಲ್ಲಿ, ಭಾರತೀಯ ಕುಟುಂಬ ಯೋಜನಾ ಸಂಘ ಕಟ್ಟಿದ ಧನವಂತಿ ರಾಮರಾವ್ ಹುಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಹಾವೇರಿಯಿಂದ ಎಷ್ಟು ದೂರ ಹೇಳಿ? ಇಷ್ಟು ಹಿಂದೆ ಶುರುವಾದ ಕೆಲಸ ನಮ್ಮ ಒಂದು ಹುಡುಗಿಯ ಮೆಣಸಿನಕಾಯಿ ಡಬ್ಬಿ ತನಕ ಬಂದು ಅಲ್ಲೇ ನಿಂತುಹೋಯಿತಲ್ಲ ಅಂತ ಸಂಕಟ.

ಹಳೇ ನರ್ಸಮ್ಮ
ಗೋವಿನಜೋಳ, ಇದ್ದೀಯಾ ಮಗಳೇ? ಮಗಳಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆ ಹಾಕಿಸಬೇಕು. ಲಸಿಕೆ ದಿನ ಯಾಕೆ ಹೋಗುತ್ತೀ ಅಂತ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಅವತ್ತೇ ನಿನ್ನ ಕೆಲಸವನ್ನೂ ಮಾಡಿಸಿಕೋ. ಅಲ್ಲಿಯ ತನಕ ಆಶಾ ಹತ್ತಿರ ಛಾಯಾ ಕೇಳು, ಹಾಲುಣಿಸುವವರೂ ತೆಗೆದುಕೊಳ್ಳಬಹುದು. ಅದರ ಒಂದು ಹಾಳೆಯಲ್ಲಿ ಎಂಟೇ ಮಾತ್ರೆ, ಆಶಾ ಮನೆಯಲ್ಲೇ ಇಟ್ಟುಕೊಂಡು ವಾರಕ್ಕೆರಡು ಸಲ ಹೋಗಿ ನುಂಗಿ ಬಾ. ಸಹಿ ಕೇಳಿದರೆ ಜಗಳ ಆಡಬೇಡ. "ನಿಯಮದಲ್ಲಿ ಇಲ್ಲವಂತೆ, ಡಾಕ್ಟರನ್ನ ಒಂದು ಮಾತು ಕೇಳಿ ಸಿಸ್ಟರ್" ಅನ್ನು, ಸಾಕು.

ಗೋವಿನಜೋಳ
ಎರಡು ತಿಂಗಳು ಬಿಟ್ಟು ಬರೆಯುತ್ತಿದ್ದೇನೆ. ನೀವೆಲ್ಲ ಬರೆದದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕವೇ ಇಲ್ಲ.

ನರ್ಸಮ್ಮ ಹೇಳಿದ ಹಾಗೇ ಮಾಡಿದೆ. ಆಶಾ ಅಕ್ಕನ ಮನೆಗೆ ಬುಧವಾರ, ಭಾನುವಾರ ಮೊಸರು ಕೇಳುವ ನೆಪದಲ್ಲಿ ಹೋಗಿ ಬರುತ್ತಿದ್ದೆ. ಹೋದ ಗುರುವಾರ ಲಸಿಕೆ. ಮಗಳಿಗೆ ಹಾಕಿಸಿದ ಮೇಲೆ ಅದೇ ನರ್ಸ್ ಹತ್ತಿರ ಹೋದೆ. ಅದೇ ಮಾತು. ನಾನು ಡಾಕ್ಟರನ್ನು ಕೇಳಿ ಅಂದೆ. ಕೈ ನಡುಗುತ್ತಿತ್ತು. ಅವರು ಒಳಗೆ ಹೋಗಿ ಬಂದು, ಈ ಸಲ ಬಾಗಿಲು ಹಾಕಿಕೊಂಡು ಮೆಲ್ಲಗೆ ಮಾತಾಡಿದರು. ಹಿಮೋಗ್ಲೋಬಿನ್ 10.2 ಇತ್ತು. ಕಬ್ಬಿಣದ ಮಾತ್ರೆ ಕೊಟ್ಟರು. ವಂಕಿ ಹಾಕಿದರು. ಐದು ವರ್ಷದ್ದು.

ಆ ಹೊತ್ತಿನಲ್ಲಿ ಮಗಳು ಆಶಾ ಅಕ್ಕನ ತೊಡೆ ಮೇಲೆ ಸೂಜಿ ನೋವಿಗೆ ಅಳುತ್ತಿದ್ದಳು. ಒಳಗಿನಿಂದ ಅವಳ ದನಿಯನ್ನೇ ಕೇಳುತ್ತಾ ಮಲಗಿದ್ದೆ.

ಮನೆಯವರಿಗೆ ಹೇಳಲೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ಹೇಮಾವತಿ ಅಕ್ಕ, ನಿಮ್ಮ ಮಾತು ತಲೆಯಲ್ಲಿತ್ತು. ಆದರೆ ಇವರು ಇವತ್ತಿನ ತನಕ ನನ್ನ ಮೇಲೆ ಕೈ ಎತ್ತಿಲ್ಲ. ನಿನ್ನೆ ರಾತ್ರಿ ಅತ್ತೆ ಮಲಗಿದ ಮೇಲೆ, ಅವರು ರೊಟ್ಟಿ ತಿನ್ನುವಾಗ ಹೇಳಿದೆ. ಕೈ ತಟ್ಟೆಯಲ್ಲೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು "ನೋವಾಯ್ತಾ?" ಅಂದರು. ಹೂಂ ಅಂದೆ. "ಅವ್ವಗ ಹೇಳಬ್ಯಾಡ" ಅಂದರು. ಅಷ್ಟೇ ಮಾತು. ತಟ್ಟೆ ತಾವೇ ತೊಳೆದಿಟ್ಟರು.

ಇವತ್ತು ಬೆಳಿಗ್ಗೆ ಸ್ವಲ್ಪ ಕೆಂಪು ಕಾಣಿಸಿದೆ. ಹೊಟ್ಟೆಯೂ ಹಿಡಿದುಕೊಂಡಿದೆ. ನರ್ಸಮ್ಮ, ಇದು ನೀವು ಹೇಳಿದ್ದೇ ತಾನೇ?

ಹಳೇ ನರ್ಸಮ್ಮ
ಅದೇ ಮಗಳೇ, ಹೆದರಬೇಡ. ಜ್ವರ ಇದೆಯಾ? ಬಿಳಿ ಹೋಗುವುದರಲ್ಲಿ ಕೆಟ್ಟ ವಾಸನೆ ಇದೆಯಾ? ತಡೆಯಲಾರದಷ್ಟು ನೋವಾ? ಇವುಗಳಲ್ಲಿ ಒಂದು ಇದ್ದರೂ ಇವತ್ತೇ ಹೋಗು, ನಾಳೆ ಅನ್ನಬೇಡ. ಇಲ್ಲದಿದ್ದರೆ ಬಿಸಿನೀರಿನ ಶಾಖ ಕೊಡು, ಕಬ್ಬಿಣದ ಮಾತ್ರೆ ಬಿಡಬೇಡ. ಅದನ್ನು ಚಹಾದ ಜೊತೆ ನುಂಗಬೇಡ, ಮೈಗೆ ಹತ್ತುವುದಿಲ್ಲ. ಮುಟ್ಟಾದ ಮೇಲೆ ಒಂದು ಸಲ ತೋರಿಸಿಕೊಂಡು ಬಾ. ರಾತ್ರಿ ಎಷ್ಟು ಹೊತ್ತಿಗಾದರೂ ಇಲ್ಲಿ ಬರಿ, ನಾನು ನೋಡುತ್ತಿರುತ್ತೇನೆ.

ತುಂಗೆಯ ತಿರುವು
ನಾನೂ ನೋಡುತ್ತಿರುತ್ತೇನೆ. ದಿನಕ್ಕೆ ಎಷ್ಟು ಪ್ಯಾಡ್ ಆಗುತ್ತಿದೆ ಅಂತ ಬರೆದಿಟ್ಟುಕೋ ತಂಗಿ. ನಾನು ಬರೆದಿಟ್ಟಿರಲಿಲ್ಲ, ಅದಕ್ಕೇ ಅವರು ನಂಬಲಿಲ್ಲ.